ಹಳೆಯ ವಿದ್ಯಾರ್ಥಿಗಳ ಸಮಾಚಾರ

ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ, ಆಟಪಾಠಗಳ ವರದಿಯೂ ಬಹುಮಾನಿತರ ಭಾವಚಿತ್ರಗಳೂ ಮುಗಿದ ಮೇಲೆ, ಕೊನೆಯ ಎರಡು ಮೂರು ಪುಟಗಳಲ್ಲಿ 'ಹಳೆಯ ವಿದ್ಯಾರ್ಥಿಗಳ ಸಮಾಚಾರ' ಎಂಬುದೊಂದು ವಿಭಾಗವಿರುವುದುಂಟು. ವಿಶ್ವವಿದ್ಯಾಲಯಗಳು ಹೊರಡಿಸುವ ಪತ್ರಿಕೆಗಳಲ್ಲಂತೂ ಇದಕ್ಕೆ ಇನ್ನೂ ಹೆಚ್ಚಿನ ಸ್ಥಾನ. ಪದವಿ ಪಡೆದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳಾದವರು ಈಗ ಎಲ್ಲಿದ್ದಾರೆ, ಏನಾಗಿದ್ದಾರೆ ಎಂಬುದನ್ನು ಅಲ್ಲಿ ಒಂದೊಂದು ವಾಕ್ಯದಲ್ಲಿ ಅಚ್ಚು ಹಾಕಿರುತ್ತಾರೆ. ಇಂಥವರು ಇಂಥ ಇಲಾಖೆಯ ಕಾರ್ಯದರ್ಶಿಗಳಾಗಿ ನಿವೃತ್ತರಾದರು. ಇಂಥವರು ಅಮೆರಿಕದಲ್ಲಿ ಎಂಜಿನಿಯರಾಗಿ ನೆಲಸಿದ್ದಾರೆ. ಇಂಥವರ ಹಿರಿಯ ಪುತ್ರಿಯ ವಿವಾಹವು ನೆರವೇರಿತು. ಓದಿ ಮುಗಿಸುವಾಗ, ದೇವಸ್ಥಾನದ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲನ್ನು ಓದಿದ ಅನುಭವವಾಗುತ್ತದೆ. ಹೆಸರಿದೆ, ಮೊತ್ತವಿದೆ, ಮನುಷ್ಯ ಮಾತ್ರ ಕಾಣುವುದಿಲ್ಲ.

ಈ ವಿಭಾಗವು ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಬೇಕೇ ಬೇಕು. ಆದರೆ ಅದನ್ನು ಈಗ ಸಿದ್ಧಪಡಿಸುತ್ತಿರುವ ರೀತಿಯಿಂದ ಓದುವ ವಿದ್ಯಾರ್ಥಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದು ನಾನು ಭಾವಿಸುತ್ತೇನೆ. ನಮ್ಮಂಥ ಶಾಲೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವುಂಟು. ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನು ನಡೆಸುವವರಿಗೆ, ಮಕ್ಕಳನ್ನು ಸೇರಿಸುವ ಕಾಲದಲ್ಲಿ, ತಂದೆತಾಯಿಗಳಿಂದ ಬರುವ ಪ್ರಶ್ನೆ ಒಂದೇ: "ಇಲ್ಲಿ ಓದಿದರೆ ಮುಂದೇನು ಸ್ವಾಮಿ?" ಮಕ್ಕಳಾದ ನಿಮಗೂ ಈ ಪ್ರಶ್ನೆ ಹೊಸದಲ್ಲ. ನೆರೆಮನೆಯವರ ಬಾಯಿಂದ, ನೆಂಟರಿಷ್ಟರ ಬಾಯಿಂದ, ಕೆಲವೊಮ್ಮೆ ನಗುವಿನ ಮರೆಯಲ್ಲಿ, ಕೇಳಿಯೇ ಇರುತ್ತೀರಿ. ಇದಕ್ಕೆ ಉತ್ತರವಾಗಿ ನಾವು ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಗುರಾಣಿಯಂತೆ ಮುಂದೆ ಹಿಡಿಯುತ್ತೇವೆ. ನೋಡಿ, ಇವರು ನಮ್ಮಲ್ಲೇ ಓದಿದವರು, ವೈದ್ಯರಾದರು, ಇವರು ನ್ಯಾಯಾಧೀಶರಾದರು, ಇವರು ಸಮುದ್ರದಾಚೆ ಇದ್ದಾರೆ. ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರೂ ನಿಜ. ಆದರೂ ಆ ಪಟ್ಟಿಯಿಂದ ಯಾವುದೂ ಸಿದ್ಧವಾಗುವುದಿಲ್ಲ. ಏಕೆಂಬುದನ್ನು ವಿವರಿಸುವ ಮೊದಲು ಒಬ್ಬ ಹಳೆಯ ವಿದ್ಯಾರ್ಥಿಯ ಕಥೆಯನ್ನು ಹೇಳಬೇಕು. ಅವರು ಓದಿದ ವಿಶ್ವವಿದ್ಯಾಲಯ ನಮ್ಮ ನೆರೆಯ ಆಂಧ್ರದ್ದು. ಹುಟ್ಟಿದ ನೆಲ ಮಾತ್ರ ನಮ್ಮದು.

ಆಂಧ್ರ ವಿಶ್ವವಿದ್ಯಾಲಯವು 1926ರಲ್ಲಿ ಸ್ಥಾಪಿತವಾದಾಗ ಅದರ ನೆಲೆಯಿದ್ದುದು ಕೃಷ್ಣಾ ತೀರದ ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ಸಮುದ್ರದಂಡೆಯ ವಾಲ್ಟೇರಿಗೆ, ವಿಶಾಖಪಟ್ಟಣಕ್ಕೆ, ವರ್ಗವಾಯಿತು. ಅದರ ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೂ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳೂ ಆಗಿದ್ದವರು. ಅವರ ಅನಂತರ 1931ರಲ್ಲಿ ಆ ಪೀಠಕ್ಕೆ ಬಂದ ಸರ್ವಪಲ್ಲಿ ರಾಧಾಕೃಷ್ಣನ್ ಅವರೂ 1918ರಿಂದ ಮೂರು ವರ್ಷ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದವರೇ. ಹೀಗೆ ನೆರೆಯ ನಾಡಿನ ಆ ವಿದ್ಯಾಸಂಸ್ಥೆಗೆ ನಮ್ಮ ನೆಲದ ನೀರು ಆರಂಭದಲ್ಲಿಯೇ ಹರಿದಿತ್ತು. ಮುಂದೆ ಗುಂಟೂರಿನಲ್ಲಿ ಅದೇ ವಿಶ್ವವಿದ್ಯಾಲಯ ತೆರೆದ ಸ್ನಾತಕೋತ್ತರ ಕೇಂದ್ರವು ಬೆಳೆದು, 1976ರಲ್ಲಿ ನಾಗಾರ್ಜುನ ವಿಶ್ವವಿದ್ಯಾಲಯವೆಂಬ ಪ್ರತ್ಯೇಕ ಸಂಸ್ಥೆಯಾಯಿತು. ವಿಜಯವಾಡದಿಂದ ಗುಂಟೂರಿಗೆ ಹೋಗುವಾಗ, ನೇಕಾರರ ಊರಾದ ಮಂಗಳಗಿರಿಯನ್ನು ದಾಟಿದ ಮೇಲೆ, ನಂಬೂರಿನ ಬಳಿ ಅದು ಕಾಣಸಿಗುತ್ತದೆ. ಈ ಮಂಗಳಗಿರಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ನಾನು ಹೇಳಹೊರಟ ವಿದ್ಯಾರ್ಥಿಯೆಂದರೆ ಕಲ್ಯಂಪೂಡಿ ರಾಧಾಕೃಷ್ಣ ರಾವ್. ಲೋಕವೆಲ್ಲ ಅವರನ್ನು ಸಿ. ಆರ್. ರಾವ್ ಎಂದು ಬಲ್ಲದು. ಅವರು 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ಹತ್ತು ಮಂದಿ ಮಕ್ಕಳಲ್ಲಿ ಎಂಟನೆಯವರಾದುದರಿಂದ, ದೇವಕಿಯ ಎಂಟನೆಯ ಮಗನಾದ ಕೃಷ್ಣನ ಹೆಸರು ಇವರಿಗೂ ಬಂತು. ತಂದೆ ಪೊಲೀಸ್ ಇಲಾಖೆಯಲ್ಲಿದ್ದುದರಿಂದ ಊರಿಂದೂರಿಗೆ ವರ್ಗ. ಗೂಡೂರು, ನೂಜಿವೀಡು, ನಂದಿಗಾಮ ಎಂದು ಶಾಲೆಗಳೂ ಬದಲಾದುವು. ಕೊನೆಗೆ ತಂದೆ ನಿವೃತ್ತರಾಗಿ ನೆಲಸಿದ್ದು ವಿಶಾಖಪಟ್ಟಣದಲ್ಲಿ. ತಾಯಿ ಪ್ರತಿದಿನ ನಸುಕಿನ ನಾಲ್ಕು ಗಂಟೆಗೆ ಮಗನನ್ನೆಬ್ಬಿಸಿ ಎಣ್ಣೆಯ ದೀಪ ಹಚ್ಚಿ ಓದಲು ಕೂರಿಸುತ್ತಿದ್ದರು. ದೊಡ್ಡವರಾದ ಮೇಲೆ ರಾವ್ ಅವರು ತಮ್ಮದೊಂದು ಪುಸ್ತಕವನ್ನು ತಾಯಿಗೆ ಅರ್ಪಿಸುವಾಗ ಈ ದೀಪವನ್ನೇ ನೆನೆದಿದ್ದಾರೆ.

1940ರಲ್ಲಿ ರಾವ್ ಅವರು ಆಂಧ್ರ ವಿಶ್ವವಿದ್ಯಾಲಯದ ಗಣಿತದ ಎಂ.ಎ. ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದರು. ಈಗ, ಆ ವರ್ಷದ ಕೊನೆಗೆ ಒಬ್ಬ ಸಂಪಾದಕರು 'ಹಳೆಯ ವಿದ್ಯಾರ್ಥಿಗಳ ಸಮಾಚಾರ'ಕ್ಕಾಗಿ ಅವರನ್ನು ವಿಚಾರಿಸಿದ್ದರೆಂದು ಭಾವಿಸೋಣ. ಏನು ಬರೆಯಬಹುದಾಗಿತ್ತು? ಬಯಸಿದ ಸಂಶೋಧನಾ ವೇತನ ದೊರೆಯಲಿಲ್ಲ. ಯುದ್ಧಕಾಲವಾದುದರಿಂದ ಸೈನ್ಯದ ಸರ್ವೇಕ್ಷಣ ವಿಭಾಗಕ್ಕೆ ಗಣಿತ ಬಲ್ಲವರು ಬೇಕಾಗಿದ್ದರು. ಅದಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು. ಇನ್ನೂ ಇಪ್ಪತ್ತು ತುಂಬದ ಹುಡುಗ, ಕೆಲಸ ಸಿಗಲಿಲ್ಲ. ಸಂಪಾದಕರ ಲೆಕ್ಕದಲ್ಲಿ ಇದು ಅಚ್ಚಿಗೆ ಯೋಗ್ಯವಾದ ಸುದ್ದಿಯೇ ಅಲ್ಲ. ಆದರೆ ಅದೇ ಪ್ರಯಾಣದಲ್ಲಿ, ಅವರು ಇಳಿದುಕೊಂಡಿದ್ದ ವಸತಿಗೃಹದಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬ ತರುಣನ ಪರಿಚಯವಾಯಿತು. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಟ್ಟಿದ ಸಂಸ್ಥೆ ಅದು. ಆಗ ಇಂಥದೊಂದು ಶಾಸ್ತ್ರವುಂಟೆಂಬುದೇ ನಮ್ಮ ನಾಡಿನಲ್ಲಿ ಬಹುಜನಕ್ಕೆ ತಿಳಿಯದು. ಬೇರೆ ದಾರಿ ತೋರದೆ ರಾವ್ ಅದಕ್ಕೇ ಅರ್ಜಿ ಹಾಕಿದರು. 1941ರ ಜನವರಿ ಮೊದಲ ದಿನ ಅಲ್ಲಿ ಸೇರಿದವರು ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿಯೇ ಉಳಿದರು.

1943ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ಮೊಟ್ಟಮೊದಲ ಎಂ.ಎ. ತಂಡದಲ್ಲಿ ಪದವಿ ಪಡೆದು, ಬಳಿಕ ಅಲ್ಲಿಯೇ ಪಾಠ ಹೇಳತೊಡಗಿದರು. ಒಂದು ದಿನ ಅಳತೆಗಳಿಂದ ಅಂದಾಜು ಮಾಡುವ ಕ್ರಮವನ್ನು ವಿವರಿಸುತ್ತಿದ್ದಾಗ, ಮುಂದೆ ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದ ವಿ. ಎಂ. ದಾಂಡೇಕರರು, ಆಗ ವಿದ್ಯಾರ್ಥಿ, ಎದ್ದು ನಿಂತು ಪ್ರಶ್ನೆಯೊಂದನ್ನು ಕೇಳಿದರು. ಅಸಂಖ್ಯಾತ ಅಳತೆಗಳಿದ್ದಾಗ ಸತ್ಯವಾಗುವ ಈ ಮಾತನ್ನು ಸ್ವಲ್ಪವೇ ಅಳತೆಗಳಿದ್ದಾಗಲೂ ಸಾಧಿಸಬಹುದೇ? ಉಪಾಧ್ಯಾಯರಿಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಕುಳಿತು ಲೆಕ್ಕ ಹಾಕಿ ಮರುದಿನ ತರಗತಿಯಲ್ಲಿ ಉತ್ತರ ತೋರಿಸಿದರು. ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ಅದರ ನಿಖರತೆಗೆ ಒಂದು ಎಲ್ಲೆಯುಂಟು, ಆ ಎಲ್ಲೆಯನ್ನು ಮೊದಲೇ ಲೆಕ್ಕ ಹಾಕಬಹುದು ಎಂಬುದು ಅದರ ಸಾರ. 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಇದೂ ಇದರೊಡನೆ ಇನ್ನೆರಡು ಹೊಸ ವಿಚಾರಗಳೂ ಅಚ್ಚಾದುವು. ಬರೆದವರಿಗೆ ವಯಸ್ಸು ಇಪ್ಪತ್ತೈದು. ಮರುವರ್ಷ ಕೇಂಬ್ರಿಜ್ಜಿಗೆ ಕಳುಹಿಸಿದಾಗ ಅವರಿಗೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಪ್ಪಿಸಿದ ಕೆಲಸವಾದರೋ, ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಪಂಜರಗಳ ಅಳತೆಗಳನ್ನು ಪರಿಶೀಲಿಸುವುದು! ವಾಲ್ಟೇರಿನ ಸಂಪಾದಕರಿಗೆ ಈ ಸಮಾಚಾರ ತಲಪಿದ್ದರೆ, ಗಣಿತದಲ್ಲಿ ಮೊದಲಿಗನಾದ ಹುಡುಗ ಇಂಗ್ಲೆಂಡಿನಲ್ಲಿ ಮೂಳೆ ಎಣಿಸುತ್ತಿದ್ದಾನೆಂದು ಮರುಗುತ್ತಿದ್ದರೋ ಏನೋ. ಆ ಕೆಲಸದ ನಡುವೆಯೇ ಆರ್. ಎ. ಫಿಷರರ ಬಳಿ ಅಧ್ಯಯನ ಮಾಡಿ 1948ರಲ್ಲಿ ಡಾಕ್ಟರೇಟ್ ಪಡೆದರು.

ಮುಂದಿನದು ನಿಮಗೆ ಬೇರೆಡೆಗಳಲ್ಲಿ ಸಿಗುವುದರಿಂದ ವಿಸ್ತರಿಸುವುದಿಲ್ಲ. 1972ರಿಂದ 1976ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಅರುವತ್ತರ ಹೊಸ್ತಿಲಲ್ಲಿ, 1979ರಲ್ಲಿ, ಅಮೆರಿಕಕ್ಕೆ ಹೋಗಿ ಅಲ್ಲಿ ಹೊಸದಾಗಿ ಅಧ್ಯಾಪನವನ್ನು ಆರಂಭಿಸಿದರು. 2002ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. 2023ರಲ್ಲಿ, ನೂರೆರಡು ವರ್ಷದ ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಘೋಷಿತವಾಯಿತು. ಯಾವ ಕೆಲಸಕ್ಕೆ? 1945ರ ಆ ಬರೆಹಕ್ಕೆ! ಬರೆಹ ಅಚ್ಚಾದುದಕ್ಕೂ ಪ್ರಶಸ್ತಿಗೂ ನಡುವೆ ಎಪ್ಪತ್ತೆಂಟು ವರ್ಷಗಳು. ಅದೇ ವರ್ಷ ಆಗಸ್ಟ್ 22ರಂದು ಅವರು ತೀರಿಕೊಂಡರು. ಈ ಮನುಷ್ಯನ 'ಸಮಾಚಾರ'ವನ್ನು ಯಾವ ವರ್ಷ ಕೇಳಿದ್ದರೆ ಸರಿಯಾದ ಉತ್ತರ ದೊರೆಯುತ್ತಿತ್ತು? ಆರು ತಿಂಗಳಲ್ಲಿ ಕೇಳಿದ್ದರೆ ನಿರುದ್ಯೋಗಿ. ಆರು ವರ್ಷಕ್ಕೆ ಕೇಳಿದ್ದರೆ ಮೂಳೆಗಳ ಲೆಕ್ಕಿಗ. ನಲವತ್ತಕ್ಕೆ ಕೇಳಿದ್ದರೆ ಸ್ವದೇಶವನ್ನು ಬಿಟ್ಟ ವೃದ್ಧ ಪ್ರಾಧ್ಯಾಪಕ. ಪ್ರತಿಯೊಂದೂ ನಿಜವೇ. ಒಂದು ಪದವನ್ನು ಕಿತ್ತು ತೋರಿಸಿ ಇದೇ ಷಟ್ಪದಿಯೆಂದರೆ ಹೇಗೋ ಹಾಗೆ.

ಇಷ್ಟು ದೊಡ್ಡವರ ಕಥೆಯನ್ನೇ ಆರಿಸಿಕೊಂಡು, ದೊಡ್ಡವರ ಪಟ್ಟಿ ಬೇಡವೆನ್ನುತ್ತೀರಲ್ಲ ಎಂದು ನಿಮ್ಮಲ್ಲಿ ಚುರುಕಾದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರನ್ನು ನಾನು ಆರಿಸಿದುದಕ್ಕೆ ಇನ್ನೊಂದು ಕಾರಣವಿದೆ. ಇಂಥ ಪಟ್ಟಿಗಳು ಏಕೆ ದಾರಿ ತಪ್ಪಿಸುತ್ತವೆ ಎಂಬುದನ್ನು ಗಣಿತದ ಮೂಲಕ ತೋರಿಸಿಕೊಟ್ಟವರೂ ಅವರೇ.

1965ರಲ್ಲಿ ಅವರು ಪ್ರಕಟಿಸಿದ ಲೇಖನವೊಂದರ ವಿಷಯವನ್ನು ಸರಳವಾಗಿ ಹೀಗೆ ಹೇಳಬಹುದು: ನಮ್ಮ ಕಣ್ಣಿಗೆ ಬಿದ್ದುದು ಹೇಗೆ ಕಣ್ಣಿಗೆ ಬಿತ್ತು ಎಂಬುದನ್ನು ಗಮನಿಸದಿದ್ದರೆ, ಕಂಡ ಲೆಕ್ಕವೆಲ್ಲ ಓರೆಯಾಗುತ್ತದೆ. ಇದಕ್ಕೆ ಅವರು ಕೊಡುತ್ತಿದ್ದ ನಿದರ್ಶನವನ್ನು ನಿಮ್ಮ ತರಗತಿಯಲ್ಲಿಯೇ ಪರೀಕ್ಷಿಸಬಹುದು. ಹುಡುಗರನ್ನು ಮಾತ್ರ ನಿಲ್ಲಿಸಿ, ಪ್ರತಿಯೊಬ್ಬನನ್ನೂ ಕೇಳಿ: ನಿಮ್ಮ ಮನೆಯಲ್ಲಿ ನೀನೂ ಸೇರಿ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು? ಎರಡನ್ನೂ ಕೂಡಿಸಿರಿ. ಗಂಡುಮಕ್ಕಳ ಮೊತ್ತವೇ ಬಹಳ ಹೆಚ್ಚಾಗಿ ಬರುತ್ತದೆ. ಲೋಕದಲ್ಲಿ ಗಂಡೂ ಹೆಣ್ಣೂ ಹೆಚ್ಚು ಕಡಿಮೆ ಸಮವಿರುವಾಗ ಇದೆಲ್ಲಿಂದ ಬಂತು? ಇಬ್ಬಿಬ್ಬರು ಮಕ್ಕಳಿರುವ ನಾಲ್ಕು ಮನೆಗಳನ್ನು ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಎರಡೂ ಗಂಡು. ಒಂದರಲ್ಲಿ ಹಿರಿಯದು ಗಂಡು, ಕಿರಿಯದು ಹೆಣ್ಣು. ಇನ್ನೊಂದರಲ್ಲಿ ಹಿರಿಯದು ಹೆಣ್ಣು, ಕಿರಿಯದು ಗಂಡು. ಕೊನೆಯದರಲ್ಲಿ ಎರಡೂ ಹೆಣ್ಣು. ಒಟ್ಟು ನಾಲ್ಕು ಗಂಡು, ನಾಲ್ಕು ಹೆಣ್ಣು. ಈಗ ನಾಲ್ವರು ಹುಡುಗರನ್ನು ಕೇಳಿದರೆ, ಮೊದಲ ಮನೆಯ ಇಬ್ಬರೂ "ಎರಡು ಗಂಡು" ಎನ್ನುತ್ತಾರೆ. ಉಳಿದಿಬ್ಬರು "ಒಂದು ಗಂಡು, ಒಂದು ಹೆಣ್ಣು" ಎನ್ನುತ್ತಾರೆ. ಕೂಡಿದರೆ ಆರು ಗಂಡು, ಎರಡು ಹೆಣ್ಣು! ಎರಡು ಗಂಡುಮಕ್ಕಳ ಮನೆ ಎರಡು ಸಲ ಲೆಕ್ಕಕ್ಕೆ ಬಂತು. ಎರಡು ಹೆಣ್ಣುಮಕ್ಕಳ ಮನೆ ಬರಲೇ ಇಲ್ಲ. ಪ್ರತಿಯೊಬ್ಬ ಹುಡುಗನೂ ತನ್ನನ್ನು ಬಿಟ್ಟು ಎಣಿಸಲಿ. ಆಗ ಎರಡು ಗಂಡು, ಎರಡು ಹೆಣ್ಣು, ಲೆಕ್ಕ ನೇರವಾಗುತ್ತದೆ.

ಇಲ್ಲಿ ಯಾವ ಹುಡುಗನೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ಲೆಕ್ಕವನ್ನು ಕೆಡಿಸಿದ್ದು ನಾವು ಯಾರನ್ನು ಕೇಳಿದೆವೆಂಬುದು. ಹಳೆಯ ವಿದ್ಯಾರ್ಥಿಗಳ ಸಮಾಚಾರವೂ ಹೀಗೆಯೇ. ಒಳ್ಳೆಯ ಹುದ್ದೆಯಲ್ಲಿರುವವನು ತಾನಾಗಿಯೇ ಪತ್ರ ಬರೆಯುತ್ತಾನೆ. ಅವನು ಬರೆಯದಿದ್ದರೆ ಅವನ ಗೆಳೆಯನು ಬರೆಯುತ್ತಾನೆ. ಇಬ್ಬರೂ ಬರೆಯದಿದ್ದರೆ ದಿನಪತ್ರಿಕೆಯನ್ನು ನೋಡಿ ಸಂಪಾದಕರೇ ಬರೆದುಕೊಳ್ಳುತ್ತಾರೆ. ಎರಡು ಗಂಡುಮಕ್ಕಳ ಮನೆಯಂತೆ ಅವನು ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತಾನೆ. ಅಂಗಡಿಯಲ್ಲಿ ಲೆಕ್ಕ ಬರೆಯುವವನು, ತಂದೆಯ ಕಾಯಿಲೆಯಿಂದ ಓದನ್ನು ನಡುವಿನಲ್ಲಿ ಬಿಟ್ಟವನು, ಬಸ್ಸು ನಡೆಸುವವನು, ಊರಿಗೆ ಹಿಂದಿರುಗಿ ಬೇಸಾಯ ಹಿಡಿದವನು, ಇವರು ಬರೆಯುವುದಿಲ್ಲ, ನಾವೂ ಕೇಳುವುದಿಲ್ಲ. ಕೊನೆಗೆ ಪಟ್ಟಿಯನ್ನೋದಿದ ಬಾಲಕನು, ಈ ಶಾಲೆಯಲ್ಲಿ ಓದಿದವರೆಲ್ಲ ದೊಡ್ಡವರೇ ಆದರು, ನಾನೊಬ್ಬ ಆಗದಿದ್ದರೆ ದೋಷ ನನ್ನದೇ ಎಂದು ತಿಳಿಯುತ್ತಾನೆ. ನಾನು ಅಪಕಾರವೆಂದು ಕರೆದದ್ದು ಇದನ್ನು. ಕನ್ನಡ ಮಾಧ್ಯಮದ ಪರವಾಗಿ ನಾವು ಹಿಡಿದ ಗುರಾಣಿಯೂ ಇದೇ ಕಾರಣದಿಂದ ತೂತಾದದ್ದು. ಬುದ್ಧಿವಂತರಾದ ತಂದೆತಾಯಿಗಳು, "ಹತ್ತು ಹೆಸರು ಹೇಳಿದಿರಿ, ಸರಿ, ಉಳಿದ ತೊಂಬತ್ತು ಮಂದಿ ಎಲ್ಲಿ?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆ ತೊಂಬತ್ತು ಮಂದಿ ಕೆಟ್ಟುಹೋಗಲಿಲ್ಲ, ತಮ್ಮ ಬಾಳನ್ನು ಮರ್ಯಾದೆಯಿಂದ ನಡೆಸುತ್ತಿದ್ದಾರೆ ಎಂಬುದು ನನ್ನ ನಂಬಿಕೆ. ಆದರೆ ನಂಬಿಕೆಯು ಲೆಕ್ಕವಲ್ಲ.

ಮಂಗಳಗಿರಿಗೆ ಮತ್ತೆ ಬರುತ್ತೇನೆಂದಿದ್ದೆ. ಅಲ್ಲಿಯ ಹತ್ತಿಯ ಕೈಮಗ್ಗದ ಸೀರೆ ನಾಡಿನಲ್ಲೆಲ್ಲ ಪ್ರಸಿದ್ಧ. ಮಗ್ಗದ ಮನೆಯೊಂದರಿಂದ ಒಬ್ಬಳು ಮಗಳು ಹತ್ತಿರದ ನಾಗಾರ್ಜುನ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯಶಾಸ್ತ್ರ ಓದಿ, ಮನೆಗೇ ಹಿಂದಿರುಗಿ, ನೂಲಿನ ಸಾಲದ ಬಡ್ಡಿಯನ್ನು ತಾನೇ ಲೆಕ್ಕ ಹಾಕಿ, ತಂದೆ ಇಷ್ಟು ವರ್ಷ ಎಷ್ಟು ಹೆಚ್ಚಾಗಿ ತೆತ್ತಿದ್ದಾರೆಂದು ತೋರಿಸಿಕೊಟ್ಟಳೆಂದು ಕಲ್ಪಿಸಿಕೊಳ್ಳಿ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆಕೆ 'ಗೃಹಿಣಿ'. ಪಟ್ಟಿಯ ಮಾತು ಹೇಗೂ ಇರಲಿ, ಆ ವಿದ್ಯೆ ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು? ಅದೇ ಊರಿನ ಬೆಟ್ಟದ ಮೇಲಿನ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಬಾಯಿಗೆ ಹೊಯ್ದ ಪಾನಕದಲ್ಲಿ ಸ್ವಾಮಿಯು ಅರ್ಧವನ್ನು ಸ್ವೀಕರಿಸಿ ಉಳಿದರ್ಧವನ್ನು ಭಕ್ತರಿಗೆ ಹಿಂದಿರುಗಿಸುತ್ತಾನೆಂಬುದು ಅಲ್ಲಿಯವರ ನಂಬಿಕೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ಕಟ್ಟಡ ನಿಧಿಗೆ ಚಂದಾ ಬೇಡುವಾಗ ಮಾತ್ರ ಪತ್ರ ಬರೆಯುವುದನ್ನು ಕಂಡಾಗಲೆಲ್ಲ ನನಗೆ ಈ ದೇವರ ನೆನಪಾಗುತ್ತದೆ. ನಾವು ಪೂರ್ತಿ ಪಾನಕವನ್ನು ಕುಡಿಯುವವರು.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಅವರು ಪಟ್ಟಿಯಿಂದ ಜಾರಿಹೋಗುವುದಕ್ಕೆ ಒಂದು ಬಹಳ ಸಣ್ಣ ಕಾರಣವುಂಟು: ವಿವಾಹದ ಅನಂತರ ಹೆಸರೂ ವಿಳಾಸವೂ ಬದಲಾಗುತ್ತವೆ, ಪತ್ರ ತಲಪುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ ರಾಜೇಶ್ವರಿಯವರು, 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿಯೇ ಸೂಕ್ಷ್ಮತರಂಗಗಳ ಎಂಜಿನಿಯರಿಂಗ್ ಬೋಧಿಸಿದರು. ಆ ವರ್ಷವೇ ಸಹೋದ್ಯೋಗಿಯನ್ನು ವರಿಸಿ ಅವರು ರಾಜೇಶ್ವರಿ ಚಟರ್ಜಿಯಾದರು. ಮೈಸೂರು ವಿಶ್ವವಿದ್ಯಾಲಯದ ಹಳೆಯ ದಾಖಲೆಯಲ್ಲಿ 'ಚಟರ್ಜಿ' ಎಂದು ಹುಡುಕಿದರೆ ಅವರು ಸಿಗುವಂತಿಲ್ಲ. ಅಂಥ ಪ್ರಸಿದ್ಧರನ್ನಾದರೂ ಹೇಗೋ ಪತ್ತೆ ಹಚ್ಚಬಹುದು. ನಮ್ಮ ಶಾಲೆಯಿಂದ ಹೋದ ಹೆಣ್ಣುಮಕ್ಕಳನ್ನು ಹುಡುಕಬೇಕಾದರೆ ಅವರ ತವರುಮನೆಯ ಬಾಗಿಲನ್ನೇ ತಟ್ಟಬೇಕು. ಈ ಕೆಲಸವನ್ನು ಕಚೇರಿಯ ಗುಮಾಸ್ತರು ಮಾಡಲಾರರು, ನೀವು ಮಾಡಬಲ್ಲಿರಿ.

ಎಲ್ಲಿಗೂ ಹೋಗದೆ ಉಳಿದವರ ಸಮಾಚಾರವನ್ನು ನಾವು ಕೇಳುವುದು ಕಡಿಮೆ. ರಾವ್ ಅವರು ಹುಟ್ಟಿದ 1920ರಲ್ಲಿಯೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯನವರು. 1935ರಲ್ಲಿ ಕಾಲ್ನಡಿಗೆಯಿಂದ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಮರುವರ್ಷ ಗಾಂಧೀಜಿಯವರು ಅಲ್ಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿದವನು ಈ ಹಳ್ಳಿಯ ಹುಡುಗ. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದರು. 1946ರಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದದ್ದೂ ಉಂಟು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದೂ ಉಂಟು. ಆದರೆ ಹೋದಲ್ಲಿಂದೆಲ್ಲ ಅವರು ತಿರುಗಿ ಬಂದದ್ದು ಅದೇ ಬಸವನಗುಡಿಗೆ. 2005ರಲ್ಲಿ ಕಾಲವಾಗುವವರೆಗೂ ಅವರ ವಾಸ ವಿದ್ಯಾರ್ಥಿನಿಲಯದ ಒಂದು ಕೋಣೆ. ಈಗ ಎಲ್ಲಿದ್ದೀರಿ ಎಂದು ಯಾರಾದರೂ ವರ್ಷ ವರ್ಷವೂ ಅವರನ್ನು ವಿಚಾರಿಸಿದ್ದರೆ, ಒಂದೇ ವಿಳಾಸವನ್ನು ಬರೆದು ಕಳುಹಿಸುತ್ತಿದ್ದರು. ಒಂದೇ ವರ್ಷ ಹುಟ್ಟಿದ ಈ ಇಬ್ಬರಲ್ಲಿ ಯಾರ ಬಾಳು ಹೆಚ್ಚಿನದು ಎಂದು ತೂಗಲು ನನಗೆ ತಕ್ಕಡಿ ಗೊತ್ತಿಲ್ಲ. ಹುದ್ದೆಯ ತಕ್ಕಡಿಯಂತೂ ಅದಕ್ಕಲ್ಲ.

ಪಾಶ್ಚಾತ್ಯರು ಈ ವಿಷಯದಲ್ಲಿ ನಮಗಿಂತ ತಾಳ್ಮೆಯವರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಅಧ್ಯಯನವೊಂದು 268 ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರು ಮುದುಕರಾಗುವವರೆಗೂ ಬಿಡದೆ ವಿಚಾರಿಸುತ್ತ ಬಂತು. ಮುಂದೆ ಅಧ್ಯಕ್ಷರಾದ ಕೆನೆಡಿಯವರೂ ಅವರಲ್ಲೊಬ್ಬರು. ಬರಿಯ ಸಿರಿವಂತರ ವಿಶ್ವವಿದ್ಯಾಲಯದ ಹುಡುಗರನ್ನು ಕೇಳಿದರೆ ಲೆಕ್ಕ ಓರೆಯಾದೀತೆಂದು ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರ ಜೀವನವನ್ನೂ ಅದರೊಡನೆ ಸೇರಿಸಿಕೊಂಡರು. ಹೆಂಗಸರನ್ನು ಮೊದಲಿಗೆ ಕೇಳಲೇ ಇಲ್ಲವೆಂಬ ಕೊರತೆ ಇದ್ದೇ ಇದೆ. ಆದರೂ ಅವರಿಗೆ ಕಂಡುಬಂದ ಒಂದು ವಿಷಯ ಗಮನಾರ್ಹ: ಐವತ್ತರ ವಯಸ್ಸಿನಲ್ಲಿ ತಮ್ಮವರೊಡನೆ ಪ್ರೀತಿ ವಿಶ್ವಾಸಗಳಿಂದ ಬಾಳುತ್ತಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಒಂದೇ ಸಲ ಹುದ್ದೆಯನ್ನು ಕೇಳಿ ಬಿಟ್ಟಿದ್ದರೆ ಇದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ಹಾಗಾದರೆ ನಾವೇನು ಮಾಡತಕ್ಕದ್ದು? ಮುಂದಿನ ವರ್ಷದ ಸಂಚಿಕೆಗೆ ಈ ವಿಭಾಗವನ್ನು ವಿದ್ಯಾರ್ಥಿಗಳೇ ಸಿದ್ಧಪಡಿಸಬೇಕೆಂದು ನನ್ನ ಸೂಚನೆ. ಮೂವತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿದ್ದ ಒಂದು ತಂಡದ ಹಾಜರಿ ಪುಸ್ತಕವನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆಯಿರಿ. ಅದರಲ್ಲಿರುವ ಪ್ರತಿಯೊಬ್ಬರಿಗೂ, ತೇರ್ಗಡೆಯಾಗದವರಿಗೂ ನಡುವಿನಲ್ಲಿ ಶಾಲೆ ಬಿಟ್ಟವರಿಗೂ ಸಹ, ಪತ್ರ ಬರೆಯಿರಿ. 'ತಾವು ಈಗ ಏನಾಗಿದ್ದೀರಿ?' ಎಂದು ಕೇಳಬೇಡಿ. ಶಾಲೆ ಬಿಟ್ಟ ಮೊದಲ ಐದು ವರ್ಷ ಹೇಗೆ ಕಳೆದಿರಿ ಎಂದು ಕೇಳಿ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಏಕೆಂದರೆ ನಿಮಗೆ ಮುಂದೆ ಬರಲಿರುವುದು ಆ ಐದು ವರ್ಷಗಳೇ. ಕನ್ನಡದಲ್ಲಿ ಕಲಿತದ್ದರಿಂದ ಎಲ್ಲಿ ತೊಡಕಾಯಿತು, ಅದನ್ನು ಹೇಗೆ ದಾಟಿದಿರಿ ಎಂದು ಕೇಳಿ. ತೊಡಕೇ ಆಗಲಿಲ್ಲವೆಂದು ಅವರಿಂದ ಹೇಳಿಸುವ ಪ್ರಯತ್ನ ಬೇಡ. ಕಾಲೇಜಿನ ಮೊದಲ ವರ್ಷದಲ್ಲಿ ಇಂಗ್ಲಿಷಿನ ಪಾಠ ಕಿವಿಗೆ ಬಿದ್ದೂ ಬೀಳದೆ ಕುಳಿತವರು ಇದ್ದಾರೆ. ಅವರಿಗೆ ಟಿಪ್ಪಣಿ ಬರೆದುಕೊಟ್ಟ ಗೆಳೆಯರೂ ಇದ್ದಾರೆ. ಆ ಗೆಳೆಯರ ಹೆಸರನ್ನೂ ಕೇಳಿ. ಶಾಲೆಯಲ್ಲಿ ಕಲಿತ ಯಾವ ಪದ್ಯ, ಯಾವ ಲೆಕ್ಕ, ಯಾವ ಮಾತು ಇಂದಿಗೂ ಜೊತೆಗಿದೆ ಎಂದು ಕೇಳಿ. ಸಂಬಳದ ವಿಷಯ ಎತ್ತಬೇಡಿ. ಉತ್ತರ ಕೊಡಲು ಇಷ್ಟವಿಲ್ಲದವರನ್ನು ಎರಡನೆಯ ಸಲ ಪೀಡಿಸಬೇಡಿ. ತಮ್ಮ ಹೆಸರು ಅಚ್ಚಾಗುವುದು ಬೇಡವೆಂದವರ ಉತ್ತರವನ್ನು ಹೆಸರಿಲ್ಲದೆ ಹಾಕಿ.

ಬಂದ ಉತ್ತರಗಳನ್ನು ಹುದ್ದೆಯ ಅನುಕ್ರಮದಲ್ಲಿ ಜೋಡಿಸದೆ ಅಕಾರಾದಿಯಾಗಿ ಜೋಡಿಸಬೇಕು. ಜಿಲ್ಲಾಧಿಕಾರಿಯ ಹೆಸರು ಹೂವಿನ ಅಂಗಡಿಯವರ ಹೆಸರಿನ ಕೆಳಗೆ ಬಂದರೆ ಬರಲಿ. ಇನ್ನೊಂದು ಮಾತನ್ನು ಸಂಪಾದಕ ಮಂಡಲಿ ದಯವಿಟ್ಟು ಮರೆಯಬಾರದು. ಪುಟದ ಮೇಲ್ಭಾಗದಲ್ಲಿ, ಮೊದಲ ಸಾಲಿನಲ್ಲಿಯೇ, ಈ ತಂಡದಲ್ಲಿ ಒಟ್ಟು ಎಷ್ಟು ಮಂದಿ ಇದ್ದರು, ಎಷ್ಟು ಮಂದಿಗೆ ಪತ್ರ ತಲಪಿತು, ಉತ್ತರ ಬಂದುದು ಎಷ್ಟು ಮಂದಿಯಿಂದ ಎಂಬ ಮೂರು ಸಂಖ್ಯೆಗಳನ್ನು ಸ್ಪಷ್ಟವಾಗಿ ಅಚ್ಚು ಹಾಕಬೇಕು.